ಗುಂಡುಕಲ್ಲೋ, ಮರಳಿನ ಚೀಲವೋ?

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು, ಬಲ ಬೆಳೆಸಲು ಗುಂಡುಕಲ್ಲು ಎತ್ತಬೇಕೋ ಮರಳಿನ ಚೀಲ ಎತ್ತಬೇಕೋ ಎಂಬ ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯ ಪತ್ರದ ಉತ್ತರ ಉದ್ದವಾಗಿದೆ. ಉಳಿದ ಮೂವರೂ ಅದನ್ನು ಓದಿಕೊಂಡ ನಂತರವೇ ತಮ್ಮ ಉತ್ತರಕ್ಕೆ ಬರಬೇಕೆಂದು ಕೋರುತ್ತೇನೆ.

ಪ್ರಶ್ನೆ: ನನಗೆ 24 ವರ್ಷ, ತೂಕ 78 ಕೆ.ಜಿ. ಕೆಲವು ವರ್ಷಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ, ಡೆಡ್‌ಲಿಫ್ಟ್‌ನಲ್ಲಿ (ಎರಡೂ ತುದಿಗೆ ಪ್ಲೇಟ್ ಹಾಕಿದ ರಾಡನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ) 140 ಕೆ.ಜಿ. ಎತ್ತುತ್ತೇನೆ. ನಮ್ಮೂರ ಜಾತ್ರೆಯಲ್ಲಿ ಗುಂಡು ಎತ್ತುವ ಸ್ಪರ್ಧೆ ನಡೆಯುತ್ತದೆ. ಗುಂಡನ್ನು ಹೆಗಲಿಗೇರಿಸಿ ಹಿಂದಕ್ಕೆ ಬಿಡಬೇಕು. ಕಳೆದ ಸಲ ಸುಮಾರು 85 ಕೆ.ಜಿ. ಗುಂಡನ್ನು ತೊಡೆಯವರೆಗೆ ತಂದೆ, ಅಲ್ಲಿಂದ ಮೇಲಕ್ಕೆ ಏಳಲಿಲ್ಲ. ಕಲ್ಲನ್ನು ಎತ್ತಬೇಕಾದರೆ ಕಲ್ಲನ್ನೇ ಎತ್ತಿ ಕಲಿಯಬೇಕು ಎಂದು ಗರಡಿಯ ಹಿರಿಯರು ಹೇಳುತ್ತಾರೆ. ಭಾರವಾದ ವಸ್ತುಗಳನ್ನು ಎತ್ತಿ, ಹೊತ್ತು ಸ್ಪರ್ಧಿಸುವ ವಿದೇಶದ ಸ್ಟ್ರಾಂಗ್‌ಮನ್ ಪಟುಗಳೇ ಈಗ ಮರಳಿನ ಚೀಲ ಎತ್ತುತ್ತಾರೆ, ಕಲ್ಲಿನ ಸಹವಾಸ ಬೇಡ ಎಂದು ಜಿಮ್‌ನ ತರಬೇತುದಾರರು ಹೇಳುತ್ತಾರೆ. ಬಲ ಬೆಳೆಯಲು ಇವೆರಡರಲ್ಲಿ ಯಾವುದು ಒಳ್ಳೆಯದು?
— ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಗುಂಡು ತೊಡೆಯವರೆಗೆ ಬಂದು ಅಲ್ಲಿಯೇ ನಿಂತಿತು ಎಂಬ ಮಾತು. ನೆಲದಿಂದ ಅದನ್ನು ಬಿಡಿಸಿ ತರುವಷ್ಟು ಬಲ ನಿಮಗಿದೆ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಕೊರತೆಯಿರುವುದು ತೊಡೆಯ ಮೇಲಿರುವ ಭಾರವನ್ನು ಎದೆಗೆ ಅಪ್ಪಿಕೊಂಡು ಎದ್ದು ನಿಲ್ಲುವ ಘಟ್ಟದಲ್ಲಿ. ಆ ಘಟ್ಟಕ್ಕೆ ಬೇಕಾದ ಬಲವನ್ನು ಬೆಳೆಸಲು ಮರಳಿನ ಚೀಲದಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಬೆಳೆದ ಬಲವನ್ನು ಗುಂಡಿನ ಮೇಲೆ ಹಾಕಲು ಕಲಿಯಬೇಕಾದರೆ ಗುಂಡೇ ಬೇಕು. ಆದ್ದರಿಂದ ಅಭ್ಯಾಸದ ಹೆಚ್ಚಿನ ಪಾಲನ್ನು ಚೀಲಕ್ಕೆ ಕೊಡಿ, ಗುಂಡನ್ನು ಹತ್ತು ದಿನಕ್ಕೊಮ್ಮೆ ಮುಟ್ಟಿ. ಈ ಸಲಹೆಯ ಹಿಂದಿನ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕಾರಣ ತಿಳಿಯದೆ ಮಾಡಿದ ಅಭ್ಯಾಸವನ್ನು ಮೊದಲ ಸೋಲಿನಲ್ಲೇ ಕೈಬಿಡುವವರು ಬಹಳ.

ಡೆಡ್‌ಲಿಫ್ಟ್‌ನಲ್ಲಿ 140 ಎತ್ತುವವರಿಗೆ 85 ಕೆ.ಜಿ. ಗುಂಡು ಏಕೆ ಒಲಿಯುವುದಿಲ್ಲ? ಜಿಮ್‌ನ ದೊಡ್ಡ ಪ್ಲೇಟ್‌ಗಳ ವ್ಯಾಸ 45 ಸೆಂ.ಮೀ. ಇರುವುದರಿಂದ ಬಾರ್ಬೆಲ್‌ನ ರಾಡ್ ನೆಲದಿಂದ ಸುಮಾರು 22.5 ಸೆಂ.ಮೀ. ಎತ್ತರದಲ್ಲಿ ನಿಂತಿರುತ್ತದೆ, ಬೆರಳುಗಳು ಅದನ್ನು ಪೂರ್ತಿ ಸುತ್ತುತ್ತವೆ, ಮೇಲೇರುವಾಗ ಅದು ಕಾಲಿಗೆ ತಾಗಿಕೊಂಡೇ ಬರುತ್ತದೆ. ಗುಂಡಿನಲ್ಲಿ ಈ ಮೂರು ಅನುಕೂಲಗಳೂ ಇಲ್ಲ. ಅಂಗೈಗಳು ಗುಂಡಿನ ಹೊಟ್ಟೆಯ ಕೆಳಗೆ, ಹೆಚ್ಚುಕಡಿಮೆ ನೆಲದ ಹತ್ತಿರಕ್ಕೇ ಇಳಿಯಬೇಕು. ಹಿಡಿಯಲು ಅಲ್ಲಿ ಏನೂ ಇಲ್ಲ; ಅಂಗೈ ಮತ್ತು ಮುಂಗೈಗಳನ್ನು ಎರಡೂ ಬದಿಯಿಂದ ಅದುಮಿ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯ ಮೇಲೆಯೇ ಇಡೀ ತೂಕವನ್ನು ತರಬೇಕು. 85 ಕೆ.ಜಿ. ಕಗ್ಗಲ್ಲಿನ ಗುಂಡಿಗೆ ಸುಮಾರು 39 ಸೆಂ.ಮೀ. ವ್ಯಾಸವಿರುತ್ತದೆ, ಅಂದರೆ ಅದನ್ನು ಹೊಟ್ಟೆಗೆ ಎಷ್ಟೇ ಒತ್ತಿಕೊಂಡರೂ ಅದರ ತೂಕದ ನಡುಬಿಂದು ನಿಮ್ಮ ಹೊಟ್ಟೆಯಿಂದ ಅರ್ಧ ವ್ಯಾಸದಷ್ಟು, ಸುಮಾರು 20 ಸೆಂ.ಮೀ., ಮುಂದೆಯೇ ಉಳಿಯುತ್ತದೆ. ಸೊಂಟ ಮತ್ತು ಬೆನ್ನಿನ ಸ್ನಾಯುಗಳಿಗೆ 85 ಕೆ.ಜಿ. ಅದಕ್ಕಿಂತ ಬಹಳ ಹೆಚ್ಚಾಗಿ ಅನ್ನಿಸುವುದು ಇದರಿಂದ.

ಇನ್ನು ಎತ್ತುವ ಕ್ರಮ. ಗುಂಡು ಎರಡು ಪಾದಗಳ ನಡುವೆ, ಕಣಕಾಲುಗಳ ನೇರಕ್ಕೆ ಇರಬೇಕು. ಮೊದಲ ಘಟ್ಟದಲ್ಲಿ ತೋಳುಗಳನ್ನು ನೀಳವಾಗಿಟ್ಟು ಗುಂಡನ್ನು ಮೊಣಕಾಲಿನ ಮೇಲಕ್ಕೆ ತಂದು, ಕುಕ್ಕರಿಸಿದ ಭಂಗಿಗೆ ಇಳಿದು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎರಡನೆಯ ಘಟ್ಟದಲ್ಲಿ ಕೈಗಳನ್ನು ಗುಂಡಿನ ಮೇಲಿನಿಂದ ಸುತ್ತಿ, ಎದೆಯನ್ನು ಅದಕ್ಕೆ ಒತ್ತಿ, ಅಪ್ಪುಗೆ ಬಿಗಿ ಮಾಡಬೇಕು. ಮೂರನೆಯದರಲ್ಲಿ ಪಾದಗಳನ್ನು ನೆಲಕ್ಕೆ ಒತ್ತಿ, ಸೊಂಟವನ್ನು ಜೋರಾಗಿ ಮುಂದಕ್ಕೆ ತಳ್ಳಿ ಎದ್ದು ನಿಲ್ಲಬೇಕು. ನಿಂತಾಗ ಗುಂಡು ಎದೆಯ ಮೇಲೆ ಉರುಳುತ್ತ ಹೆಗಲ ಕಡೆಗೆ ಹೋಗುತ್ತದೆ. ಜಿಮ್‌ನಲ್ಲಿ ಬಾರ್ಬೆಲ್ ಮಾತ್ರ ಎತ್ತಿದವರು ಮೊದಲ ಘಟ್ಟವನ್ನು ತಮ್ಮ ಡೆಡ್‌ಲಿಫ್ಟ್ ಬಲದಿಂದ ದಾಟಿಬಿಡುತ್ತಾರೆ, ಎರಡನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ದುಂಡಗಿನ ಭಾರವನ್ನು ತಬ್ಬಿಕೊಂಡು ಬೆನ್ನಿನ ಮೇಲ್ಭಾಗವನ್ನು ಗಟ್ಟಿಯಾಗಿ ಹಿಡಿದಿಡುವ ಕೆಲಸವನ್ನು ಅವರ ದೇಹ ಎಂದೂ ಮಾಡಿರುವುದಿಲ್ಲ.

ಮರಳಿನ ಚೀಲವೂ ಇದೇ ಮೂರು ಘಟ್ಟಗಳನ್ನು ಕೇಳುತ್ತದೆ. ಅದನ್ನೂ ನೆಲದಿಂದ ಬಿಡಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪಿ, ಎದ್ದು ನಿಲ್ಲಬೇಕು. ಕೆಲಸ ಮಾಡುವ ಸ್ನಾಯುಗಳೂ ಅವೇ: ತೊಡೆ, ಪೃಷ್ಠ, ಬೆನ್ನಿನ ಉದ್ದಕ್ಕೂ ಇರುವ ಸ್ನಾಯುಗಳು, ಭುಜದ ಹಿಂಭಾಗ, ಮುಂಗೈ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ ಎಂದು ನೀವು ಕೇಳಬಹುದು. ನನ್ನ ತಿಳಿವಳಿಕೆಯಲ್ಲಿ ಅತಿ ದೊಡ್ಡ ವ್ಯತ್ಯಾಸವಿರುವುದು ತೂಕ ಏರುವ ರೀತಿಯಲ್ಲಿ. ಈ ಅಂಶವನ್ನು ಗರಡಿಯ ಹಿರಿಯರೂ ಜಿಮ್‌ನವರೂ ಸಾಮಾನ್ಯವಾಗಿ ಹೇಳುವುದಿಲ್ಲವಾದ್ದರಿಂದ ಇದನ್ನು ನಿಧಾನವಾಗಿ ನೋಡೋಣ.

ಗೋಲದ ಗಾತ್ರ ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸ್ಪರ್ಧೆಗಳಲ್ಲಿ ಬಳಸುವ ಕಾಂಕ್ರೀಟ್ ಗುಂಡುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡುತ್ತಾರೆ, ಅಚ್ಚುಗಳು ಸಾಮಾನ್ಯವಾಗಿ ಎರಡೆರಡು ಇಂಚಿನ ಅಂತರದಲ್ಲಿರುತ್ತವೆ. 12 ಇಂಚಿನ ಗುಂಡು ಸುಮಾರು 35 ಕೆ.ಜಿ., 14 ಇಂಚಿನದು ಸುಮಾರು 55, 16 ಇಂಚಿನದು ಸುಮಾರು 82, 18 ಇಂಚಿನದು ಸುಮಾರು 118, 20 ಇಂಚಿನದು ಸುಮಾರು 160 ಕೆ.ಜಿ. ತೂಗುತ್ತದೆ. 16ರಿಂದ 18 ಇಂಚಿಗೆ ಹೋದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ, ತೂಕದ ಏರಿಕೆ ಮಾತ್ರ ಶೇ. 40ಕ್ಕೂ ಹೆಚ್ಚು. ಇಷ್ಟು ದೊಡ್ಡ ಜಿಗಿತವನ್ನು ಯಾವ ಸ್ನಾಯುವೂ ಒಂದು ತಿಂಗಳಲ್ಲಿ ಕಲಿಯುವುದಿಲ್ಲ. ಊರಿನ ಗುಂಡುಗಳ ಕಥೆಯೂ ಇದೇ. ನಿಮ್ಮ ಗರಡಿಯಲ್ಲಿ 60ರದ್ದೊಂದು, 85ರದ್ದೊಂದು ಇದ್ದರೆ, 60 ಹಗುರವಾಗಿ 85 ಏಳದೆ ಇರುವ ನಡುವಿನ ಆ ದೀರ್ಘ ಕಾಲದಲ್ಲಿ ನಿಮಗೆ ಮಾಡಲು ಸರಿಯಾದ ಅಭ್ಯಾಸವೇ ಇರುವುದಿಲ್ಲ. ಏಳದ ಗುಂಡನ್ನು ದಿನವೂ ಎಳೆದಾಡುವುದು ಅಭ್ಯಾಸವಲ್ಲ, ಅದರಿಂದ ಸೊಂಟ ದಣಿಯುತ್ತದೆ, ಧೈರ್ಯವೂ ಕುಗ್ಗುತ್ತದೆ.

ಚೀಲಕ್ಕೆ ಈ ತೊಡಕಿಲ್ಲ. ಈ ವಾರ 60 ಕೆ.ಜಿ. ಇದ್ದ ಚೀಲವನ್ನು ಮುಂದಿನ ವಾರ 62 ಮಾಡಬಹುದು, ಅದು ಭಾರವೆನಿಸಿದರೆ 61ಕ್ಕೆ ಇಳಿಸಬಹುದು. ಬಲ ಬೆಳೆಯುವುದು ಇಂಥ ಸಣ್ಣ ಸಣ್ಣ ಏರಿಕೆಗಳಿಂದಲೇ. ಜೊತೆಗೆ ಇನ್ನೊಂದು ಲಾಭವಿದೆ. ಒಣ ಮರಳು ಲೀಟರಿಗೆ ಸುಮಾರು 1.6 ಕೆ.ಜಿ. ತೂಗಿದರೆ ಕಾಂಕ್ರೀಟ್ 2.3ಕ್ಕೂ ಹೆಚ್ಚು ತೂಗುತ್ತದೆ. ಹಾಗಾಗಿ 80 ಕೆ.ಜಿ. ಮರಳು ತುಂಬಿದ ಚೀಲದ ಗಾತ್ರ 118 ಕೆ.ಜಿ. ಕಾಂಕ್ರೀಟ್ ಗುಂಡಿನಷ್ಟಿರುತ್ತದೆ. ಕಡಿಮೆ ತೂಕದಲ್ಲೇ ದೊಡ್ಡ ಗಾತ್ರವನ್ನು ತಬ್ಬಿ ಏಳುವ ಅಭ್ಯಾಸವಾಗುತ್ತದೆ; ನಂತರ ಗುಂಡನ್ನು ಅಪ್ಪಿಕೊಂಡಾಗ ಅದು ಚಿಕ್ಕದೆನಿಸುತ್ತದೆ. ನಿಮ್ಮ ಎರಡನೆಯ ಘಟ್ಟದ ತೊಂದರೆಗೆ ಇದು ನೇರವಾದ ಮದ್ದು.

ಚೀಲ ಸುಲಭ ಎಂದು ಮಾತ್ರ ಭಾವಿಸಬೇಡಿ. ಗುಂಡು ತನ್ನ ಆಕಾರವನ್ನು ಬದಲಿಸುವುದಿಲ್ಲ, ಚೀಲ ಪ್ರತಿ ಕ್ಷಣವೂ ಬದಲಿಸುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡ ಕೂಡಲೇ ಮೇಲ್ಭಾಗದಲ್ಲಿದ್ದ ಮರಳು ಸರ್ರನೆ ಕೆಳಗಿನ ಮೂಲೆಗೆ ಜಾರುತ್ತದೆ, ನೀವು ಬಿಗಿಯಾಗಿ ಸುತ್ತಿದ್ದ ಜಾಗದಲ್ಲಿ ಬರಿಯ ಬಟ್ಟೆ ಉಳಿಯುತ್ತದೆ, ತೂಕವೆಲ್ಲ ಮೊಣಕೈಗಳ ಕೆಳಗೆ ಜೋತು ಬೀಳುತ್ತದೆ. ಇಲ್ಲಿ ಗಡಿಬಿಡಿಯಿಂದ ಏಳಲು ಹೋದವರ ಚೀಲ ಮೊಣಕಾಲುಗಳ ನಡುವಿನಿಂದ ನೆಲಕ್ಕೆ ಬೀಳುವುದು ಖಚಿತ. ಒಂದು ಕೈಯನ್ನು ಮರಳು ಸೇರಿರುವ ಮೂಲೆಯ ಅಡಿಗೆ ತೂರಿಸಿ, ಇನ್ನೊಂದನ್ನು ಮೇಲಿನಿಂದ ಅಡ್ಡಲಾಗಿ ಹಾಕಿ, ಎರಡು ಕೈಗಳನ್ನೂ ಬೆಸೆದು, ಚೀಲವನ್ನು ಪಕ್ಕೆಲುಬುಗಳಿಗೆ ಅದುಮಿ ಮರಳು ಅಲುಗದಂತೆ ಮಾಡಿದ ಮೇಲೆಯೇ ಏಳಬೇಕು. ಚೀಲ ಪೂರ್ತಿ ಬಿಗಿಯಾಗಿ ತುಂಬಿದ್ದರೆ ಈ ಜಾರುವಿಕೆ ಕಡಿಮೆ, ಆಗ ಅದು ಹೆಚ್ಚುಕಡಿಮೆ ಗುಂಡಿನಂತೆಯೇ ವರ್ತಿಸುತ್ತದೆ. ಹತ್ತರಲ್ಲಿ ಎರಡು ಪಾಲು ಖಾಲಿಯಿದ್ದರೆ ಹಿಡಿಯಲು ಬಟ್ಟೆ ಸಿಗುತ್ತದೆ, ಆದರೆ ಏಳುವುದು ಕಷ್ಟ. ಗುಂಡಿಗಾಗಿ ತಯಾರಾಗುತ್ತಿರುವ ನೀವು ಬಿಗಿಯಾಗಿ ತುಂಬಿದ, ಹಿಡಿಕೆಗಳಿಲ್ಲದ ಚೀಲವನ್ನು ಬಳಸಬೇಕು. ಹಿಡಿಕೆ ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ, ಅಪ್ಪುಗೆಯ ಬಲ ಬೆಳೆಯುವುದಿಲ್ಲ.

ಚೀಲವನ್ನು ಹೊತ್ತು ನಡೆಯಲೂಬಹುದು ಎಂಬುದು ಮತ್ತೊಂದು ಹೆಚ್ಚುಗಾರಿಕೆ. ಎದೆಗೆ ಅಪ್ಪಿಕೊಂಡು 20-30 ಮೀಟರ್ ನಡೆಯುವಾಗ ಚೀಲ ಹೊಟ್ಟೆಯನ್ನೂ ಎದೆಯನ್ನೂ ಒತ್ತುವುದರಿಂದ ದೀರ್ಘ ಉಸಿರು ಸಾಧ್ಯವಾಗುವುದಿಲ್ಲ. ಹೊಟ್ಟೆಯನ್ನು ಬಿಗಿಯಾಗಿಟ್ಟುಕೊಂಡೇ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುವುದನ್ನು ದೇಹ ತಾನಾಗಿ ಕಲಿಯುತ್ತದೆ. ಬೆನ್ನಿನ ಮೇಲ್ಭಾಗಕ್ಕೆ ಈ ನಡಿಗೆ ಕೊಡುವ ಕೆಲಸವನ್ನು ಜಿಮ್‌ನ ಯಾವ ಯಂತ್ರವೂ ಕೊಡಲಾರದು. ಎ.ಪಿ.ಎಂ.ಸಿ. ಯಾರ್ಡ್‌ಗಳಲ್ಲಿ ದಿನವಿಡೀ ಚೀಲ ಹೊರುವ ಹಮಾಲರ ಬೆನ್ನಿನ ಗಟ್ಟಿತನವನ್ನು ನೀವೇ ನೋಡಿರುತ್ತೀರಿ. ಅವರು ಬೆನ್ನ ಮೇಲೆ ಹೊರುತ್ತಾರೆ, ನಾವು ಎದೆಯ ಮೇಲೆ ಹೊರುತ್ತೇವೆ ಎಂಬ ಭೇದವಿದ್ದರೂ ತರಬೇತಿಯೇ ಇಲ್ಲದೆ ಅಂಥ ಬಲ ಗಳಿಸಿದ ಆ ಶ್ರಮಜೀವಿಗಳ ಬಗ್ಗೆ ನನಗೆ ಅಪಾರ ಗೌರವವಿದೆ.

ಹಾಗಾದರೆ ಗರಡಿಯ ಹಿರಿಯರ ಮಾತು ತಪ್ಪೇ? ಖಂಡಿತ ಅಲ್ಲ. ಚೀಲ ಸ್ವಲ್ಪವಾದರೂ ದೇಹದ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ಬೆರಳಿಗೆ ಬಟ್ಟೆ ಸಿಗುತ್ತದೆ, ತಪ್ಪು ಮಾಡಿದರೂ ಒಮ್ಮೊಮ್ಮೆ ಎದ್ದುಬಿಡುತ್ತದೆ. ಗುಂಡು ಅಂಥ ರಿಯಾಯಿತಿ ಕೊಡುವುದಿಲ್ಲ. ಪಾದಗಳ ನಡುವೆ ಒಂದಂಗುಲ ಮುಂದಿದ್ದರೂ ಅದು ಕೈಯಿಂದ ಉರುಳುತ್ತದೆ, ಸೊಂಟ ತಳ್ಳುವ ಮೊದಲೇ ತೋಳಿನಿಂದ ಎಳೆಯಲು ಹೋದರೆ ಎದೆಯಿಂದ ಜಾರುತ್ತದೆ. ಅದರ ಗಟ್ಟಿತನಕ್ಕೆ ಮುಂಗೈಯ ಚರ್ಮವೂ ಒಗ್ಗಬೇಕು, ಮನಸ್ಸೂ ಒಗ್ಗಬೇಕು. ಸ್ಪರ್ಧೆಯಲ್ಲಿ ಎತ್ತಬೇಕಾದುದನ್ನು ಸ್ಪರ್ಧೆಗೆ ಮುಂಚೆ ಹಲವು ಬಾರಿ ಎತ್ತಿರಲೇಬೇಕು ಎಂಬ ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದೊಂದೇ ಸಾಲದು ಎಂಬುದಷ್ಟೇ ನನ್ನ ವಾದ.

ನಿಮ್ಮ ತರಬೇತುದಾರರ ಮಾತಿನಲ್ಲಿ ಅರ್ಧ ಸತ್ಯವಿದೆ. ‘ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್’ ಸ್ಪರ್ಧೆ 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. 1980ರ ದಶಕದಲ್ಲಿ ಅದಕ್ಕೆ ಬಂದು ಸೇರಿದ ಗುಂಡುಗಳು ಇಂದು ಅಟ್ಲಾಸ್ ಕಲ್ಲುಗಳೆಂದು ಪ್ರಸಿದ್ಧವಾಗಿವೆ. ಒಂದಕ್ಕಿಂತ ಒಂದು ಭಾರವಾದ ಐದು ಗುಂಡುಗಳನ್ನು ಸಾಲಾಗಿ ಪೀಠಗಳ ಮೇಲೇರಿಸುವುದೇ ಬಹಳ ವರ್ಷ ಅಂತಿಮ ಪಂದ್ಯವಾಗಿ ನಡೆದುಬಂದಿದೆ. ಸ್ಕಾಟ್ಲೆಂಡಿನ ಟಾಮ್ ಸ್ಟಾಲ್ಟ್‌ಮನ್ 2020ರಲ್ಲಿ 286 ಕೆ.ಜಿ. ಗುಂಡನ್ನು ಸುಮಾರು 1.2 ಮೀಟರ್ ಎತ್ತರದ ಕಂಬಿಯನ್ನು ದಾಟಿಸಿದರು. ಇಂಥ ಪಟುಗಳು ಚೀಲವನ್ನೂ ಎತ್ತುತ್ತಾರೆ, ಏಕೆಂದರೆ ಈಗಿನ ಸ್ಪರ್ಧೆಗಳಲ್ಲಿ ಚೀಲ ಹೊತ್ತು ಓಡುವ, ಚೀಲವನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುವ ಪಂದ್ಯಗಳೂ ಇವೆ. ಹಾಗೆಂದು ಅವರು ಕಲ್ಲನ್ನು ಬಿಟ್ಟಿಲ್ಲ. ಕಲ್ಲಿನ ಪಂದ್ಯವಿದ್ದರೆ ಅದಕ್ಕೆ ಮುಂಚಿನ ವಾರಗಳಲ್ಲಿ ಕಲ್ಲನ್ನು ಎತ್ತಿಯೇ ಹೋಗುತ್ತಾರೆ.

ಒಂದು ಅಂಶ ನಿಮಗೆ ಅನುಕೂಲವಾಗಿದೆ. ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಗೋಲ ನುಣುಪಾಗಿರುತ್ತದೆ, ಜಾತ್ರೆಯ ಗುಂಡು ಹಾಗಿರುವುದು ಅಪರೂಪ. ಕೈಯಿಂದ ಕಡೆದ ಕಲ್ಲಿನಲ್ಲಿ ತುಸು ಒರಟುತನ, ಒಂದೆರಡು ಉಬ್ಬುತಗ್ಗು ಇದ್ದೇ ಇರುತ್ತದೆ. ಲೋಕದ ಹೆಸರಾಂತ ಕಲ್ಲುಗಳೆಲ್ಲ ಇಂಥವೇ. ಐಸ್‌ಲ್ಯಾಂಡಿನ ಹೂಸಾಫೆಲ್ ಕಲ್ಲು 186 ಕೆ.ಜಿ. ತೂಗುವ ಚಪ್ಪಟೆ ಬಂಡೆ. ಅದನ್ನು ಎದೆಗವುಚಿಕೊಂಡು ಅಲ್ಲಿನ ಹಳೆಯ ಕುರಿದೊಡ್ಡಿಯ ಸುತ್ತ ನಡೆಯುವುದು ಪದ್ಧತಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯೂ ಸೇರಿದಂತೆ ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು, ಸಂಗ್ರಾಣಿ ಕಲ್ಲು, ಚೀಲ ಇವೆಲ್ಲವನ್ನೂ ಎತ್ತುವ ಸ್ಪರ್ಧೆಗಳು ಇಂದಿಗೂ ನಡೆಯುತ್ತಿರುವುದು ನಮ್ಮ ಭಾಗ್ಯ. ಸ್ಪರ್ಧೆಯ ಗುಂಡನ್ನು ಮುಂಚಿತವಾಗಿ ನೋಡಲು ಅವಕಾಶವಿದ್ದರೆ ಅದರ ಉಬ್ಬು ಎಲ್ಲಿದೆ, ಅಂಗೈಗೆ ಎಲ್ಲಿ ಆನಿಕೆ ಸಿಗುತ್ತದೆ ಎಂಬುದನ್ನು ಮುಟ್ಟಿ ನೋಡಿಕೊಳ್ಳಿ.

ಅಪಾಯಗಳ ವಿಷಯಕ್ಕೆ ಬಂದರೆ, ಇಬ್ಬರು ಗುರುಗಳಲ್ಲಿ ಯಾರಾದರೂ ಇದನ್ನು ನಿಮಗೆ ಹೇಳಿದ್ದಾರೋ ಇಲ್ಲವೋ ತಿಳಿಯದು: ಗುಂಡನ್ನು ನೆಲದಿಂದ ಬಿಡಿಸುವಾಗ ಮೊಣಕೈಯನ್ನು ಮಡಚಲೇಬಾರದು. ಅಂಗೈ ಮೇಲ್ಮುಖವಾಗಿ, ಮೊಣಕೈ ಅರ್ಧ ಮಡಚಿ, ಅದರ ಮೇಲೆ ಅಷ್ಟು ಭಾರ ಬಿದ್ದರೆ ರಟ್ಟೆಯ ಬೈಸೆಪ್ಸ್ ಸ್ನಾಯು ಮೊಣಕೈ ಬಳಿ ಮೂಳೆಗೆ ಕಚ್ಚಿಕೊಂಡಿರುವ ಜಾಗದಲ್ಲಿ ಹರಿಯುವ ಸಂಭವವಿದೆ. ಹರಿದರೆ ಬಹಳ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಸ್ಟ್ರಾಂಗ್‌ಮನ್ ಪಟುಗಳು ಅತಿ ಹೆಚ್ಚು ಹೆದರುವ ಗಾಯಗಳಲ್ಲಿ ಇದೂ ಒಂದು. ತೋಳುಗಳು ಹಗ್ಗದಂತೆ ನೀಳವಾಗಿ ತೂಗಬೇಕು, ಎಳೆಯುವ ಕೆಲಸವನ್ನು ಕಾಲು ಮತ್ತು ಸೊಂಟ ಮಾಡಬೇಕು. ಚೀಲದಲ್ಲೂ ಈ ನಿಯಮ ಇದ್ದದ್ದೇ, ಆದರೆ ಅಲ್ಲಿ ಬೆರಳಿಗೆ ಆಧಾರ ಸಿಗುವುದರಿಂದ ಅಪಾಯ ಕಡಿಮೆ. ಬೆನ್ನಿನ ವಿಷಯದಲ್ಲಿ, ಗುಂಡಿನ ಸುತ್ತ ಬಾಗುವಾಗ ಮೇಲ್ಬೆನ್ನು ದುಂಡಗಾಗುವುದು ಸಹಜ, ಅದನ್ನು ತಪ್ಪಿಸಲಾಗದು. ಎತ್ತುತ್ತಿರುವಾಗ ಕೆಳಬೆನ್ನು ಇದ್ದ ಸ್ಥಿತಿಯಿಂದ ಇನ್ನಷ್ಟು ಕುಸಿದರೆ ಮಾತ್ರ ಅಲ್ಲಿಗೇ ಗುಂಡನ್ನು ಬಿಟ್ಟುಬಿಡಬೇಕು. ಬಿಡುವ ಜಾಗದಲ್ಲಿ ಹಳೆಯ ಟೈರ್ ಅಥವಾ ಒಂದಡಿ ಉಸುಕಿನ ಹಾಸು ಇರಲಿ, ಹಿಂದೆ ಯಾರೂ ನಿಂತಿರದಿರಲಿ.

ಅಭ್ಯಾಸ ಹೀಗಿರಲಿ. ನಿಮ್ಮ ಡೆಡ್‌ಲಿಫ್ಟ್‌ನ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 60 ಕೆ.ಜಿ. ಚೀಲದಿಂದ ಆರಂಭಿಸಿ. ವಾರದಲ್ಲಿ ಒಂದು ದಿನ ನೆಲದಿಂದ ತೊಡೆಗೆ, ತೊಡೆಯಿಂದ ಹೆಗಲಿಗೆ ಏರಿಸುವುದನ್ನು ಮೂರು ಮೂರರಂತೆ ಐದು ಸುತ್ತು ಮಾಡಿ. ಒಂದು ಸಲ ಬಲ ಹೆಗಲಿಗಾದರೆ ಇನ್ನೊಂದು ಸಲ ಎಡ ಹೆಗಲಿಗೆ. ಇನ್ನೊಂದು ದಿನ ಅದೇ ಚೀಲವನ್ನು ಅಪ್ಪಿಕೊಂಡು 20 ಮೀಟರ್‌ನಂತೆ ನಾಲ್ಕು ಸಲ ನಡೆಯಿರಿ, ನಂತರ ತೊಡೆಯ ಮೇಲಿಟ್ಟುಕೊಂಡು ಎದ್ದು ನಿಲ್ಲುವುದನ್ನು ಮಾತ್ರ ಐದರಂತೆ ಮೂರು ಸುತ್ತು ಮಾಡಿ. ಎಲ್ಲ ಸುತ್ತುಗಳೂ ಅಚ್ಚುಕಟ್ಟಾಗಿ ಮುಗಿದ ವಾರದ ನಂತರ ಮಾತ್ರ 2 ಕೆ.ಜಿ. ಸೇರಿಸಿ. ಡೆಡ್‌ಲಿಫ್ಟ್ ಮತ್ತು ಸ್ಕ್ವಾಟ್ (ಭಾರ ಹೊತ್ತು ಕುಕ್ಕರಿಸಿ ಏಳುವ ವ್ಯಾಯಾಮ) ಬಿಡಬೇಡಿ, ಆದರೆ ಡೆಡ್‌ಲಿಫ್ಟ್ ಅನ್ನು ವಾರಕ್ಕೊಂದೇ ದಿನಕ್ಕೆ ಇಳಿಸಿ. ಎರಡನ್ನೂ ಜೋರಾಗಿ ಮಾಡಿದರೆ ಸೊಂಟಕ್ಕೆ ಬಿಡುವೇ ಸಿಗುವುದಿಲ್ಲ. ಹತ್ತು ದಿನಕ್ಕೊಮ್ಮೆ ಗರಡಿಯ ಹಗುರ ಗುಂಡನ್ನು ಹಿರಿಯರ ಕಣ್ಣೆದುರಿನಲ್ಲೇ ಎತ್ತಿ. ಚೀಲ 80 ಕೆ.ಜಿ. ಮುಟ್ಟಿ, ಅದನ್ನು ಎರಡೂ ಹೆಗಲಿಗೆ ತಡವರಿಸದೆ ಏರಿಸಬಲ್ಲಿರಾದರೆ 85ರ ಗುಂಡಿಗೆ ಕೈ ಹಾಕಿ. ಜಾತ್ರೆಗೆ ನಾಲ್ಕು ವಾರವಿರುವಾಗ ಈ ಲೆಕ್ಕವನ್ನು ತಿರುಗಿಸಿ, ಗುಂಡಿಗೆ ವಾರದ ಮುಖ್ಯ ದಿನವನ್ನು ಕೊಡಿ, ಚೀಲ ನಡಿಗೆಗೆ ಮಾತ್ರ ಉಳಿಯಲಿ. ಕೊನೆಯ ವಾರ ಭಾರವಾದ ಏನನ್ನೂ ಎತ್ತಬೇಡಿ.

ಚೀಲವನ್ನು ಅಂಗಡಿಯಿಂದಲೇ ತರಬೇಕೆಂದಿಲ್ಲ. ಲಾರಿಗಳಿಗೆ ತಾಡಪತ್ರಿ ಹೊಲಿಯುವವರಲ್ಲಿ ದಪ್ಪ ಕ್ಯಾನ್ವಾಸ್ ಬಟ್ಟೆಯ ಚೀಲವೊಂದನ್ನು ಎರಡು ಸುತ್ತು ಹೊಲಿಗೆ ಹಾಕಿಸಿ ಮಾಡಿಸಿಕೊಳ್ಳಬಹುದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಜರಡಿ ಹಿಡಿದ ಮರಳನ್ನು 2 ಮತ್ತು 5 ಕೆ.ಜಿ.ಯ ದಪ್ಪ ಪ್ಲಾಸ್ಟಿಕ್ ಪೊಟ್ಟಣಗಳಾಗಿ ಕಟ್ಟಿ, ಟೇಪ್ ಸುತ್ತಿ ಒಳಗೆ ತುಂಬಿ. ಗೋಣಿಚೀಲಕ್ಕೆ ನೇರವಾಗಿ ಮರಳು ಸುರಿದರೆ ನೇಯ್ಗೆಯ ಸಂದಿನಿಂದ ಸೋರುತ್ತದೆ, ಮಳೆಗಾಲದಲ್ಲಿ ತೇವ ಹೀರಿ ತೂಕವೂ ಬದಲಾಗುತ್ತದೆ.

ಪ್ರಶ್ನೆ: ನಾನು 41 ವರ್ಷದ ಗೃಹಿಣಿ. 25 ಕೆ.ಜಿ. ಅಕ್ಕಿ ಮೂಟೆ ಅಥವಾ ಗ್ಯಾಸ್ ಸಿಲಿಂಡರ್ ಸರಿಸಿದರೆ ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ಮರಳಿನ ಚೀಲದ ವ್ಯಾಯಾಮ ಹೆಂಗಸರಿಗೂ ಸರಿಹೋಗುತ್ತದೆಯೇ? ಸಣ್ಣ ಕಲ್ಲು ಎತ್ತಿದರೆ ಇನ್ನೂ ಒಳ್ಳೆಯದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮಗೆ ಚೀಲವೇ ಸರಿ, ಕಲ್ಲು ಬೇಡ. 12 ಇಂಚಿನ ಸಣ್ಣ ಕಾಂಕ್ರೀಟ್ ಗುಂಡೇ 35 ಕೆ.ಜಿ. ತೂಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಅದಕ್ಕಿಂತ ಹಗುರವಾದ ಗುಂಡು ತೀರಾ ಚಿಕ್ಕದಾಗುವುದರಿಂದ ಅದನ್ನೆತ್ತಲು ಇನ್ನಷ್ಟು ಕೆಳಗೆ ಬಾಗಬೇಕಾಗುತ್ತದೆ. ಚೀಲವನ್ನಾದರೆ 10 ಕೆ.ಜಿ.ಯಿಂದಲೇ ಆರಂಭಿಸಬಹುದು. ಮನೆಯಲ್ಲಿ ನಾವು ನಿಜವಾಗಿ ಎತ್ತುವ ವಸ್ತುಗಳು ಅಕ್ಕಿ ಮೂಟೆ, ನೀರಿನ ಕ್ಯಾನ್, ಮಗು; ಇವೆಲ್ಲವನ್ನೂ ಎದೆಗೆ ಅಪ್ಪಿಯೇ ಎತ್ತುತ್ತೇವೆ. ಚೀಲದ ಅಭ್ಯಾಸ ನೇರವಾಗಿ ಅಲ್ಲಿಗೆ ಸಲ್ಲುತ್ತದೆ.

ಮೊದಲ ತಿಂಗಳು ಚೀಲವನ್ನು ನೆಲದ ಮೇಲಿಡದೆ ಮೊಣಕಾಲೆತ್ತರದ ಗಟ್ಟಿಯಾದ ಸ್ಟೂಲಿನ ಮೇಲಿಟ್ಟು ಎತ್ತಿರಿ. ಚೀಲಕ್ಕೆ ಪೂರ್ತಿ ಹತ್ತಿರ ನಿಂತು, ಮೊಣಕಾಲು ಮತ್ತು ಸೊಂಟ ಎರಡನ್ನೂ ಬಾಗಿಸಿ, ಅದನ್ನು ಮೊದಲು ಎದೆಗೆ ಎಳೆದುಕೊಂಡ ಮೇಲೆಯೇ ಏಳಿ. ಐದೈದರಂತೆ ಮೂರು ಸುತ್ತು, ನಂತರ ಅಂಗಳದಲ್ಲಿಯೋ ತಾರಸಿಯಲ್ಲಿಯೋ ಅಪ್ಪಿಕೊಂಡು ಒಂದೆರಡು ನಿಮಿಷದ ನಡಿಗೆ, ವಾರಕ್ಕೆ ಮೂರು ದಿನ. ಎರಡು ವಾರಕ್ಕೊಮ್ಮೆ 1 ಕೆ.ಜಿ. ಸೇರಿಸುತ್ತ ಹೋಗಿ. 25 ಕೆ.ಜಿ. ಮುಟ್ಟಿದ ಹೊತ್ತಿಗೆ ಅಕ್ಕಿ ಮೂಟೆ ನಿಮಗೆ ಸಮಸ್ಯೆಯಾಗಿ ಉಳಿದಿರುವುದಿಲ್ಲ. ತುಂಬಿದ ಸಿಲಿಂಡರ್ ಮಾತ್ರ 30 ಕೆ.ಜಿ. ಆಸುಪಾಸು ತೂಗುತ್ತದೆ, ಒಳಗಿನ ಅನಿಲವೇ 14.2 ಕೆ.ಜಿ. ಅದನ್ನು ಎತ್ತುವ ಬದಲು ಅಂಚಿನ ಮೇಲೆ ವಾಲಿಸಿ ಸರಿಸುವುದೇ ಯಾವತ್ತಿಗೂ ಉತ್ತಮ. ಸ್ನಾಯು ಬೆಳೆದರೆ ಹೆಂಗಸರ ಮೈಕಟ್ಟು ಒರಟಾಗುತ್ತದೆ ಎಂಬ ಭಯ ಅನೇಕರಲ್ಲಿದೆ, ಅದಕ್ಕೆ ಆಧಾರವಿಲ್ಲ. ನಲವತ್ತರ ನಂತರ ಮೂಳೆ ಮತ್ತು ಸ್ನಾಯುಗಳನ್ನು ಉಳಿಸಿಕೊಳ್ಳಲು ಭಾರ ಎತ್ತುವ ವ್ಯಾಯಾಮ ಹೆಂಗಸರಿಗೆ ಗಂಡಸರಷ್ಟೇ, ಬಹುಶಃ ಅದಕ್ಕೂ ಹೆಚ್ಚು ಅಗತ್ಯ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗ ನಾನು. ಇಲ್ಲಿನ ಸ್ಟ್ರಾಂಗ್‌ಮನ್ ಕ್ಲಬ್ ಒಂದರಲ್ಲಿ ಅಭ್ಯಾಸ ಮಾಡುತ್ತಿದ್ದೇನೆ, ಮೊದಲ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ಅಟ್ಲಾಸ್ ಕಲ್ಲಿಗೆ ಎಲ್ಲರೂ ‘ಟ್ಯಾಕಿ’ ಎಂಬ ಅಂಟು ಹಚ್ಚಿಕೊಳ್ಳುತ್ತಾರೆ. ಅಭ್ಯಾಸದಲ್ಲೂ ಹಚ್ಚಬೇಕೇ, ಅಥವಾ ಬರಿಗೈಯಲ್ಲಿ ಎತ್ತಿದರೆ ಬಲ ಹೆಚ್ಚು ಬೆಳೆಯುತ್ತದೆಯೇ?
— ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ಓದುಗರಿಗೆ ಮೊದಲು ತಿಳಿಸುತ್ತೇನೆ: ಟ್ಯಾಕಿ ಎಂದರೆ ಪೈನ್ ಮರದ ರಾಳದಿಂದ ತಯಾರಿಸುವ ಗಟ್ಟಿ ಅಂಟು. ಅಂಗೈ ಮತ್ತು ಮುಂಗೈಗೆ ಬಳಿದುಕೊಂಡರೆ ನುಣುಪಾದ ಕಾಂಕ್ರೀಟ್ ಗುಂಡು ಕೈಗೆ ಕಚ್ಚಿಕೊಳ್ಳುತ್ತದೆ, ಬರಿಗೈಯಲ್ಲಿ ಜಾರಿಹೋಗುವ ತೂಕವನ್ನೂ ಎತ್ತಲು ಸಾಧ್ಯವಾಗುತ್ತದೆ. ಮರಳಿನ ಚೀಲಕ್ಕೆ ಇದರ ಅಗತ್ಯವೇ ಇಲ್ಲ.

ನಿಮ್ಮ ಸ್ಪರ್ಧೆಯ ನಿಯಮ ಟ್ಯಾಕಿಗೆ ಅವಕಾಶ ಕೊಡುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅವಕಾಶವಿದ್ದರೆ, ಸ್ಪರ್ಧೆಗೆ ಆರು ವಾರ ಉಳಿಯುವವರೆಗೆ ಹಗುರ ಗುಂಡುಗಳನ್ನು ಬರಿಗೈಯಲ್ಲಿ ಎತ್ತಿ, ನಂತರದ ಭಾರದ ದಿನಗಳಲ್ಲಿ ಟ್ಯಾಕಿ ಹಚ್ಚಿ. ಬರಿಗೈಯಲ್ಲಿ ಎತ್ತುವಾಗ ಅದುಮುವ ಬಲ ಬೆಳೆಯುತ್ತದೆ, ಗುಂಡನ್ನು ದೇಹಕ್ಕೆ ಹತ್ತಿರವಿಡುವ ಶಿಸ್ತು ಬರುತ್ತದೆ. ಆದರೆ ಯಾವಾಗಲೂ ಬರಿಗೈಯಲ್ಲೇ ಎತ್ತಿದರೆ ಜಾರುವಿಕೆಯೇ ಮಿತಿಯಾಗಿ, ಸೊಂಟ ಮತ್ತು ಕಾಲುಗಳಿಗೆ ಸಾಕಷ್ಟು ಭಾರ ಸಿಗುವುದಿಲ್ಲ. ಆ ಕೊರತೆಯನ್ನು ಚೀಲದಿಂದ ತುಂಬಿಕೊಳ್ಳಿ; ಭಾರವಾದ ಚೀಲವನ್ನು ಎದೆಯೆತ್ತರದ ಪೀಠದ ಮೇಲೇರಿಸುವ ಅಭ್ಯಾಸ ನಿಮ್ಮ ಪಂದ್ಯಕ್ಕೆ ಬಹಳ ಹತ್ತಿರದ್ದು. ಟ್ಯಾಕಿ ಹಚ್ಚಿದಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಕೈ ಕಚ್ಚಿಕೊಂಡಿರುವುದರಿಂದ ತೊಡೆಯ ಮೇಲೆ ಹಿಡಿತ ಬದಲಿಸಲು ಒಂದೊಂದೇ ಕೈಯನ್ನು ಕಿತ್ತು ಇಡಬೇಕಾಗುತ್ತದೆ, ಆ ಹೊತ್ತಿನಲ್ಲಿ ತೋಳಿನಿಂದ ಎಳೆಯುವ ಆಸೆ ಹುಟ್ಟುತ್ತದೆ. ಬೈಸೆಪ್ಸ್ ಬಗ್ಗೆ ಮೇಲೆ ಹೇಳಿದ್ದು ನಿಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಚಳಿಯಲ್ಲಿ ಟ್ಯಾಕಿ ಗಟ್ಟಿಯಾಗಿ ಅಂಟುಗುಣ ಕಳೆದುಕೊಳ್ಳುತ್ತದೆ, ಸೆಖೆಯಲ್ಲಿ ನೀರಾಗಿ ಜಾರುತ್ತದೆ. ಮೆಲ್ಬರ್ನ್‌ನ ಚಳಿಗಾಲದಲ್ಲಿ ಡಬ್ಬಿಯನ್ನು ಬೆಚ್ಚಗಿನ ಕೋಣೆಯಲ್ಲಿಡಿ. ಕೈ ತೊಳೆಯಲು ಸಾಬೂನು ಉಪಯೋಗಕ್ಕೆ ಬಾರದು, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಬಿಡುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ನನಗೆ ಬೆನ್ನಿನ ಡಿಸ್ಕ್ ಜಾರಿತ್ತು. ಈಗ ನೋವಿಲ್ಲ, ವಯಸ್ಸು 36. ಬೆನ್ನು ಗಟ್ಟಿಯಾಗಲು ಇವೆರಡರಲ್ಲಿ ಯಾವುದನ್ನಾದರೂ ಮಾಡಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಗುಂಡು ಎತ್ತುವುದು ನಿಮಗೆ ಬೇಡ. ನೆಲದವರೆಗೆ ಬಾಗಿ, ಭಾರವನ್ನು ದೇಹದ ಮುಂದಿಟ್ಟುಕೊಂಡು ಏಳುವ ಆ ಮೊದಲ ಘಟ್ಟವೇ ನಿಮ್ಮ ಬೆನ್ನಿಗೆ ಅತ್ಯಂತ ಕಠಿಣವಾದದ್ದು. ಚೀಲದ ವಿಷಯದಲ್ಲಿ, ನಿಮ್ಮನ್ನು ನೋಡಿದ ಮೂಳೆತಜ್ಞರು ಅಥವಾ ಫಿಸಿಯೋಥೆರಪಿಸ್ಟ್ ಭಾರ ಎತ್ತಲು ಒಪ್ಪಿಗೆ ಕೊಟ್ಟ ಮೇಲೆ ಮಾತ್ರ, ಸೊಂಟದೆತ್ತರದ ಮೇಜಿನ ಮೇಲಿಂದ ಹಗುರವಾದ ಚೀಲವನ್ನು ಅಪ್ಪಿಕೊಂಡು ನಡೆಯುವುದರಿಂದ ಆರಂಭಿಸಬಹುದು. ಎತ್ತುವ ಎತ್ತರವನ್ನು ತಿಂಗಳುಗಳ ಅಂತರದಲ್ಲಿ ಮೇಜಿನಿಂದ ಸ್ಟೂಲಿಗೆ ಇಳಿಸಬಹುದು, ನೆಲಕ್ಕೆ ಇಳಿಸುವ ಅವಸರ ಬೇಡವೇ ಬೇಡ. ರಕ್ತದೊತ್ತಡ ಹೆಚ್ಚಿರುವವರೂ ಇದೇ ಎಚ್ಚರಿಕೆ ವಹಿಸಬೇಕು, ಏಕೆಂದರೆ ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಒತ್ತಡ ಕ್ಷಣಮಾತ್ರದಲ್ಲಿ ಬಹಳ ಏರುತ್ತದೆ. ಅಭ್ಯಾಸದ ನಡುವೆಯಾಗಲಿ ಮರುದಿನವಾಗಲಿ ಕಾಲಿನಲ್ಲಿ ಜೋಮು, ಪಾದದಲ್ಲಿ ಬಲಹೀನತೆ, ಪೃಷ್ಠದಿಂದ ಕೆಳಕ್ಕೆ ಎಳೆದಂಥ ನೋವು ಕಂಡರೆ ಚೀಲವನ್ನು ಬದಿಗಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಿ.